ಕಡಿಮೆ ದುಡ್ಡಿಗೆ ಸಾವಿರ ಬ್ಯಾಕ್‌ಲಿಂಕ್ ಕೊಡ್ತೀವಿ ಅಂತಿದಾರೆ, ತಗೋಬಹುದಾ? ಇಲ್ಲಾಂದ್ರೆ ಒಳ್ಳೆ ಬ್ಯಾಕ್‌ಲಿಂಕ್ ಹೇಗೆ ಸಿಗತ್ತೆ?

ಆ ಪ್ಯಾಕೇಜ್ ದಯವಿಟ್ಟು ತಗೋಬೇಡಿ. ಬ್ಯಾಕ್‌ಲಿಂಕ್ ಅಂದ್ರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟಿಗೆ ಬರೋ ಲಿಂಕ್. ನೀವು ಬರ್ದಿರೋದು ನೋಡಿದ್ರೆ ಸೈಟ್ ಶುರುವಾಗಿ ಕೆಲವು ತಿಂಗಳಾಗಿದೆ, ಲೇಖನಗಳನ್ನ ಕಷ್ಟಪಟ್ಟು ಬರೆದಿದೀರ, ಇಂಡೆಕ್ಸ್ ಕೂಡ ಆಗಿವೆ, ಅಂದ್ರೆ ಗೂಗಲ್ ತನ್ನ ಪಟ್ಟಿಗೆ ಸೇರಿಸ್ಕೊಂಡಿದೆ, ಆದ್ರೆ ಗೂಗಲ್‌ನಲ್ಲಿ ಮೂರನೇ ನಾಲ್ಕನೇ ಪುಟ ದಾಟಿ ಮೇಲೆ ಬರ್ತಿಲ್ಲ, ಅಷ್ಟರಲ್ಲಿ ಯಾರೋ ಮೇಲ್ ಮಾಡಿ ವಾರದಲ್ಲಿ ಸಾವಿರ ಲಿಂಕ್, ಎಲ್ಲಾ ಹೈ ಡಿಎ ಸೈಟ್‌ಗಳಿಂದ ಅಂತ ಆಸೆ ತೋರ್ಸಿದಾರೆ. ಜೊತೆಗೆ ಗೊತ್ತುಗುರಿ ಇಲ್ಲದ ಸ್ಪ್ಯಾಮ್ ಸೈಟ್‌ಗಳಿಂದ ಈಗಾಗ್ಲೇ ಒಂದಷ್ಟು ಲಿಂಕ್ ಬಂದಿವೆ, ಅವನ್ನೇನು ಮಾಡೋದು ಅಂತಾನೂ ಕೇಳಿದೀರ. ಎರಡಕ್ಕೂ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಈ ಡಿಎ ವಿಚಾರ. ಡೊಮೇನ್ ಅಥಾರಿಟಿ ಅನ್ನೋದು ಮಾಜ್ ಅನ್ನೋ ಕಂಪನಿ ತನ್ನ ಲೆಕ್ಕದಲ್ಲಿ ನೂರಕ್ಕೆ ಇಷ್ಟು ಅಂತ ಕೊಡೋ ಅಂಕ, ಅದೇ ಥರ ಡೊಮೇನ್ ರೇಟಿಂಗ್ ಅನ್ನೋದು ಏಚ್‌ರೆಫ್ಸ್ ಅವರದ್ದು. ಗೂಗಲ್ ಇವೆರಡನ್ನೂ ಬಳಸಲ್ಲ. ಗೂಗಲ್ ತನ್ನದೇ ಪೇಜ್‌ರ್‍ಯಾಂಕ್ ಅಂಕಾನ ಟೂಲ್‌ಬಾರಲ್ಲಿ ತೋರಿಸ್ತಿತ್ತು, 2016ರಲ್ಲಿ ಅದನ್ನೂ ತೆಗೆದುಬಿಡ್ತು. ಹಾಗಾಗಿ ಲಿಂಕ್ ಮಾರೋರು ತೋರಿಸೋ ಡಿಎ ನಂಬರ್ ಹೊರಗಿನವರ ಅಂದಾಜು ಅಷ್ಟೇ, ಅದನ್ನ ಏರಿಸೋದೂ ಅಂಥಾ ಕಷ್ಟ ಅಲ್ಲ, ಯಾರೋ ಬಿಟ್ಟುಹೋದ ಹಳೇ ಡೊಮೇನ್ ಕೊಂಡ್ಕೊಂಡು ಅದರ ಮೇಲೆ ಕಸ ತುಂಬಿದ್ರೂ ಅಂಕ ಸ್ವಲ್ಪ ದಿನ ಹಾಗೇ ನಿಂತಿರತ್ತೆ. ಇದು ಎಷ್ಟು ಅತಿಯಾಯ್ತು ಅಂದ್ರೆ 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆ ಅಂತಾನೇ ಒಂದು ನಿಯಮ ಸೇರಿಸ್ತು.

ಈಗ ಲಿಂಕಿಗೆ ಯಾಕೆ ಬೆಲೆ ಅನ್ನೋದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಬರೆದ ಮೂಲ ಪೇಜ್‌ರ್‍ಯಾಂಕ್ ಲೆಕ್ಕದಲ್ಲಿ ಒಂದು ಪುಟಕ್ಕೆ ಎಷ್ಟು ಲಿಂಕ್ ಬಂತು ಅನ್ನೋದೊಂದೇ ಅಲ್ಲ, ಲಿಂಕ್ ಕೊಟ್ಟ ಪುಟಕ್ಕೆ ಎಷ್ಟು ತೂಕ ಇದೆ ಅನ್ನೋದೂ ಸೇರತ್ತೆ, ಆಮೇಲೆ ಆ ತೂಕ ಆ ಪುಟದಲ್ಲಿರೋ ಎಲ್ಲಾ ಲಿಂಕ್‌ಗಳಿಗೂ ಹಂಚಿಹೋಗತ್ತೆ. ಅಂದ್ರೆ ಯಾರೂ ಲಿಂಕ್ ಮಾಡದ ಒಂದು ಪುಟ, ಅದರಲ್ಲಿ ಐನೂರು ಹೊರಗಿನ ಲಿಂಕ್, ಅದರಲ್ಲಿ ನಿಮ್ದೂ ಒಂದು, ಹಾಗಿದ್ರೆ ನಿಮ್ಮ ಪಾಲಿಗೆ ಬರೋದು ಹೆಚ್ಚುಕಮ್ಮಿ ಸೊನ್ನೆ. ಅಂಥ ಸಾವಿರ ಸೊನ್ನೆ ಕೂಡಿದ್ರೂ ಸೊನ್ನೇನೇ. ಈಗಿನ ಲೆಕ್ಕ ಇದಕ್ಕಿಂತ ಎಷ್ಟೋ ಸಂಕೀರ್ಣ, ಲಿಂಕ್ ಬಿಟ್ಟು ಬೇರೆ ಬಹಳ ಅಂಶಗಳೂ ಇವೆ, ಆದ್ರೆ ಈ ತಳಪಾಯ ಮಾತ್ರ ಇನ್ನೂ ಉಪಯೋಗಕ್ಕೆ ಬರತ್ತೆ.

2012ರ ಏಪ್ರಿಲ್‌ನಲ್ಲಿ ಕೆಟ್ಟ ಲಿಂಕ್ ಹಿಡಿಯೋ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಲಿಂಕ್ ಕೊಂಡ್ಕೊಂಡಿದ್ದ ಎಷ್ಟೋ ಸೈಟ್ ನೆಲ ಕಚ್ಚಿದ್ವು. 2016ರ ಸೆಪ್ಟೆಂಬರ್‌ನಿಂದ ಅದು ಮುಖ್ಯ ಅಲ್ಗಾರಿದಮ್ ಒಳಗೇ ಸೇರ್ಕೊಂಡು, ಇಡೀ ಸೈಟನ್ನ ಕೆಳಗೆ ತಳ್ಳೋ ಬದಲು ಆ ಕೆಟ್ಟ ಲಿಂಕ್‌ಗಳನ್ನ ಲೆಕ್ಕಕ್ಕೆ ತಗೊಳ್ಳದೇ ಬಿಡೋ ಕಡೆ ವಾಲ್ತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೇನ್ ಅನ್ನೋ ತಮ್ಮ ವ್ಯವಸ್ಥೆ ಲಿಂಕ್ ಕೊಳ್ಳೋ ಸೈಟನ್ನೂ ಲಿಂಕ್ ಮಾರೋಕೆ ಅಂತಾನೇ ಇರೋ ಸೈಟನ್ನೂ ಗುರುತು ಹಿಡಿಯತ್ತೆ ಅಂತ ಗೂಗಲ್‌ನವರೇ ಹೇಳಿದ್ರು. ಅಲ್ಲಿಗೆ ನಿಮ್ಮ ದುಡ್ಡು ಹೋಗತ್ತೆ, ಲಿಂಕ್ ಲೆಕ್ಕಕ್ಕೆ ಬರಲ್ಲ, ಅದರ ಮೇಲೆ ಮ್ಯಾನ್ಯುಯಲ್ ಆಕ್ಷನ್, ಅಂದ್ರೆ ಗೂಗಲ್‌ನವರೇ ಸೈಟ್ ನೋಡಿ ಹಾಕೋ ಶಿಕ್ಷೆ, ಬಿತ್ತು ಅಂದ್ರೆ ಒಂದೊಂದೇ ಸೈಟಿಗೆ ಬರೆದು ತೆಗೆಸೋ ಕೆಲಸ ಬೇರೆ.

ನನ್ನ ಲೆಕ್ಕದಲ್ಲಿ ಒಳ್ಳೆ ಲಿಂಕ್ ಅಂದ್ರೆ ಇಷ್ಟೇ, ಇನ್ನೊಬ್ಬರು ನಿಮ್ಮ ಪುಟ ನೋಡಿ, ನಮ್ಮ ಓದುಗರಿಗೆ ಇದು ಬೇಕು ಅಂತ ತಾವೇ ತೀರ್ಮಾನ ಮಾಡಿ ಹಾಕಿದ್ದು. ಹಾಗಿದ್ಮೇಲೆ ಕೇಳ್ಬೇಕಾದ ಪ್ರಶ್ನೆ, ನಿಮ್ಮ ಸೈಟಲ್ಲಿ ಇನ್ನೊಬ್ಬರಿಗೆ ಹಾಗೆ ಅನ್ಸೋ ಪುಟ ಒಂದಾದ್ರೂ ಇದೆಯಾ ಅಂತ. ಬರೀ ಚೆನ್ನಾಗಿರೋ ಲೇಖನ ಸಾಕಾಗಲ್ಲ, ಚೆನ್ನಾಗಿರೋದು ಬೇಕಾದಷ್ಟಿವೆ.

ನಾನು ಸೈಕಲ್ ರಿಪೇರಿ ಬಗ್ಗೆ ಒಂದು ಸೈಟ್ ನೋಡ್ಕೊತೀನಿ, ಅದರದ್ದೇ ಉದಾಹರಣೆ ಕೊಡ್ತೀನಿ. ಟೈರ್ ಬದಲಾಯಿಸೋದು ಹೇಗೆ ಅಂತ ಎಲ್ಲರೂ ಬರ್ದಿದಾರೆ, ನಾನೂ ಬರ್ದಿದೀನಿ, ಅದಕ್ಕೆ ಯಾರೂ ಲಿಂಕ್ ಕೊಡಲ್ಲ. ಆದ್ರೆ ಟೈರ್ ಸೈಜ್‌ದು ಒಂದು ದೊಡ್ಡ ಗೊಂದಲ ಇದೆ, 26 ಇಂಚ್ ಅಂತ ಬರ್ದಿರೋ ಎರಡು ಟೈರ್ ತಗೊಳ್ಳಿ, 26 × 1.75 ಕೂರೋ ರಿಮ್ಮಿನ ವ್ಯಾಸ 559 ಮಿಲಿಮೀಟರ್, 26 × 1⅜ ಕೂರೋದು 590ಕ್ಕೆ, ಒಂದಕ್ಕೆ ಇನ್ನೊಂದು ಆಗೋದೇ ಇಲ್ಲ. ಅತ್ತ 29 ಇಂಚು, 700ಸಿ ಅಂತ ಹೆಸರು ಬೇರೆ ಬೇರೆ, ಎರಡೂ 622. ಹೀಗೆ ಟೈರ್ ಬದಿಯಲ್ಲಿ 37-622 ಅಂತ ಅಚ್ಚಾಗಿರೋ ಸಂಖ್ಯೆ ಓದೋದು ಹೇಗೆ, ಹಳೇ ಹೆಸರು ಯಾವುದಕ್ಕೆ ಸಮ ಅಂತ ಒಂದೇ ಟೇಬಲ್ ಮಾಡಿ, ಪಕ್ಕದಲ್ಲಿ ನಾನೇ ತೆಗೆದ ಫೋಟೋ ಹಾಕಿ ಒಂದು ಪುಟ ಮಾಡಿದೆ. ಸೈಟಿಗೆ ಬಂದಿರೋ ಲಿಂಕ್‌ಗಳಲ್ಲಿ ಹೆಚ್ಚಿನವು ಆ ಪುಟಕ್ಕೇ. ಯಾಕಂದ್ರೆ ಸೈಕಲ್ ಬಗ್ಗೆ ಬರೆಯೋರಿಗೆ ಅದನ್ನೆಲ್ಲ ಮತ್ತೆ ವಿವರಿಸೋದು ತಲೆನೋವು, ಇಲ್ನೋಡಿ ಅಂತ ಒಂದು ಲಿಂಕ್ ಕೊಟ್ರೆ ಅವರ ಕೆಲಸ ಮುಗೀತು. ನಿಮ್ಮ ವಿಷಯದಲ್ಲೂ ಇಂಥದ್ದೊಂದು ಇದ್ದೇ ಇರತ್ತೆ, ಪದೇ ಪದೇ ಎಲ್ಲರಿಗೂ ಬೇಕಾಗೋದು ಆದ್ರೆ ಕೂತು ಒಟ್ಟುಮಾಡೋಕೆ ಬೇಜಾರಾಗೋದು, ಒಂದು ಟೇಬಲ್, ಒಂದು ಕ್ಯಾಲ್ಕುಲೇಟರ್, ನೀವೇ ಅಳೆದು ನೋಡಿದ ಫಲಿತಾಂಶ, ಸರಿಯಾದ ಒಂದು ಚಿತ್ರ. ಅದನ್ನ ಹುಡುಕೋಕೆ ಒಂದು ತಿಂಗಳು ಹೋದ್ರೂ ಹೋಗ್ಲಿ.

ಪುಟ ಆದ್ಮೇಲೆ ಸುಮ್ನೆ ಕೂತ್ರೆ ಆಗಲ್ಲ, ಹೊಸ ಸೈಟ್ ಇದೆ ಅಂತ ಯಾರಿಗೆ ಗೊತ್ತಿರತ್ತೆ. ನನಗೆ ತುಂಬಾ ಇಷ್ಟವಾದ ದಾರಿ ಅಂದ್ರೆ ಸತ್ತ ಲಿಂಕ್ ಹುಡುಕೋದು. ನಿಮ್ಮ ವಿಷಯದ ಹಳೇ ಲೇಖನಗಳು, ಉಪಯುಕ್ತ ಕೊಂಡಿಗಳು ಅಂತ ಪಟ್ಟಿ ಇಟ್ಟಿರೋ ಪುಟಗಳು, ಇವನ್ನ ತೆಗೆದು ಲಿಂಕ್ ಒಂದೊಂದೇ ಒತ್ತಿ ನೋಡಿ, ಬ್ರೌಸರ್ ಎಕ್ಸ್‌ಟೆನ್ಷನ್‌ಗಳೂ ಇವೆ ಅದಕ್ಕೆ. ಪುಟ ಸಿಗಲಿಲ್ಲ ಅನ್ನೋ 404 ಬಂತಾ, ಆ ವಿಳಾಸನ ಹಳೇ ವೆಬ್ ಪುಟಗಳನ್ನ ಉಳಿಸಿಡೋ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ಮುಂಚೆ ಅಲ್ಲಿ ಏನಿತ್ತು ನೋಡಿ, ನಿಮ್ಮ ಹತ್ರ ಅದೇ ವಿಷಯ ಅದಕ್ಕಿಂತ ಚೆನ್ನಾಗಿದ್ರೆ ಮಾತ್ರ ಅವರಿಗೆ ಬರೀರಿ. ನಾನು ಕಳಿಸೋ ಮೇಲ್ ಇಷ್ಟೇ ಇರತ್ತೆ: "ನಮಸ್ಕಾರ, ಟೈರ್ ಆಯ್ಕೆ ಬಗ್ಗೆ ನೀವು ಬರೆದ ಲೇಖನದ ಮೂರನೇ ಪ್ಯಾರಾದಲ್ಲಿರುವ ಸೈಜ್ ಚಾರ್ಟ್ ಲಿಂಕ್ ಈಗ ತೆರೆಯುತ್ತಿಲ್ಲ, 404 ಬರುತ್ತಿದೆ. ಅದೇ ವಿಷಯದ ಟೇಬಲ್ ನನ್ನ ಸೈಟಿನಲ್ಲಿದೆ, ಹಳೆಯ 590 ಅಳತೆಯನ್ನೂ ಸೇರಿಸಿದ್ದೇನೆ. ಉಪಯೋಗ ಆಗುತ್ತೆ ಅನಿಸಿದರೆ ಬಳಸಿಕೊಳ್ಳಿ." ಹೊಗಳಿಕೆ ಬೇಡ, ಬದಲಿಗೆ ನಾನೂ ಲಿಂಕ್ ಕೊಡ್ತೀನಿ ಅನ್ನೋ ವ್ಯಾಪಾರ ಬೇಡ, ಯಾವ ಪದಕ್ಕೆ ಲಿಂಕ್ ಹಾಕ್ಬೇಕು ಅಂತಾನೂ ಹೇಳ್ಬೇಡಿ. ಆ ಪದ, ಅಂದ್ರೆ ಆ್ಯಂಕರ್ ಟೆಕ್ಸ್ಟ್, ಅವರೇ ಬರೀಲಿ, ಒಬ್ಬರು ಸೈಜ್ ಚಾರ್ಟ್ ಅಂತಾರೆ, ಇನ್ನೊಬ್ಬರು ಇಲ್ಲಿ ನೋಡಿ ಅಂತಾರೆ, ಹಾಗೆ ಬೇರೆ ಬೇರೆ ಇರೋದೇ ಸಹಜ. ಎಲ್ಲಾ ಕಡೆ ಒಂದೇ ಕೀವರ್ಡ್ ಇದ್ರೆ ಅದು ಎದ್ದು ಕಾಣತ್ತೆ. ಬಹಳ ಜನ ಉತ್ತರ ಕೊಡಲ್ಲ, ಬೇಜಾರ್ ಮಾಡ್ಕೋಬೇಡಿ, ಒಂದ್ಸಲ ನೆನಪಿಸಿ ಬಿಟ್ಬಿಡಿ.

ನಿಮ್ಮ ಚಿತ್ರಾನೋ ಟೇಬಲ್ಲೋ ಯಾರಾದ್ರೂ ಹೆಸರು ಹಾಕಿ ಲಿಂಕ್ ಇಲ್ಲದೇ ಬಳಸಿದ್ರೆ ಅವರಿಗೂ ಬರೀರಿ, ಅಂಥವರು ಬೇಗ ಒಪ್ತಾರೆ. ಗೆಸ್ಟ್ ಪೋಸ್ಟ್, ಅಂದ್ರೆ ಬೇರೆಯವರ ಸೈಟಿಗೆ ಲೇಖನ ಬರ್ಕೊಡೋದು, ತಪ್ಪಲ್ಲ, ನಿಜವಾದ ಓದುಗರಿರೋ ಸೈಟಾದ್ರೆ, ಆ ಲೇಖನ ಲಿಂಕ್ ಇಲ್ದೇ ಇದ್ರೂ ನೀವು ಬರೀತಿದ್ರಿ ಅನ್ನೋ ಹಾಗಿದ್ರೆ. ಕಾಮೆಂಟ್‌ಗಳಲ್ಲಿ ಲಿಂಕ್ ತುರುಕೋದು ಮಾತ್ರ ಬೇಡ, ಈ ಲಿಂಕಿಗೆ ತೂಕ ಕೊಡ್ಬೇಡಿ ಅಂತ ಗೂಗಲ್‌ಗೆ ಹೇಳೋ ನೋಫಾಲೋ ಗುರುತು 2005ರಿಂದ ಇದೆ, 2019ರಲ್ಲಿ ಜಾಹೀರಾತಿಗೆ ಸ್ಪಾನ್ಸರ್ಡ್, ಓದುಗರು ಹಾಕೋದಕ್ಕೆ ಯುಜಿಸಿ ಅಂತ ಬೇರೆ ಗುರುತುಗಳೂ ಬಂದ್ವು. ಗೂಗಲ್ ಈಗ ಈ ಗುರುತುಗಳನ್ನ ಸುಳಿವು ಅಂತ ತಗೊಳ್ಳತ್ತೆ, ಹಾಗಂತ ನೋಫಾಲೋ ಲಿಂಕ್ ಬಂದ್ರೆ ಬೇಡ ಅನ್ಬೇಡಿ, ಓದುಗರು ಅದರಿಂದಾನೂ ಬರ್ತಾರೆ, ಅವರಲ್ಲೇ ಒಬ್ಬರು ನಾಳೆ ಇನ್ನೆಲ್ಲೋ ಲಿಂಕ್ ಹಾಕ್ತಾರೆ.

ಇದರ ಮಧ್ಯೆ ನಿಮ್ಮ ಕೈಯಲ್ಲೇ ಇರೋ ಎರಡು ಕೆಲಸ. ಲಿಂಕ್ ಬರೋ ಪುಟದಿಂದ ನೀವು ಮೇಲೆ ತರ್ಬೇಕು ಅಂತಿರೋ ಬೇರೆ ಪುಟಗಳಿಗೆ ಒಳಗಿಂದ್ಲೇ ಲಿಂಕ್ ಕೊಡಿ, ಇದನ್ನ ಮಾಡದೇ ಇರೋರೇ ಜಾಸ್ತಿ. ಆಮೇಲೆ ಪುಟದ ವಿಳಾಸ ಬದಲಾಯಿಸ್ಬೇಡಿ, ಬದಲಾಯಿಸಲೇಬೇಕು ಅಂದ್ರೆ ಹಳೇದ್ರಿಂದ ಹೊಸದಕ್ಕೆ ತಾನಾಗೇ ಕಳಿಸೋ 301 ರೀಡೈರೆಕ್ಟ್ ಹಾಕಿ, ಇಲ್ಲಾಂದ್ರೆ ಬಂದಿರೋ ಲಿಂಕೆಲ್ಲ 404ಗೆ ಹೋಗಿ ಬೀಳತ್ತೆ.

ಇನ್ನು ಆ ಸ್ಪ್ಯಾಮ್ ಲಿಂಕ್‌ಗಳ ವಿಷಯ. ನೀವು ಕೊಂಡ್ಕೊಂಡಿಲ್ಲ, ತಾವಾಗೇ ಬಂದಿವೆ ಅಂದ್ರೆ ಹಾಗೇ ಬಿಡಿ, ಸೈಟ್ ಅಂತ ಇದ್ಮೇಲೆ ಎಲ್ಲರಿಗೂ ಬರತ್ತೆ, ಗೂಗಲ್ ಅವನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಈ ಲಿಂಕ್ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಹೇಳೋಕೆ 2012ರಿಂದ ಡಿಸ್‌ಅವೋ ಟೂಲ್ ಇದೆ ನಿಜ, ಆದ್ರೆ ಅದು ಲಿಂಕ್ ಕೊಂಡ್ಕೊಂಡೋ ಏನೋ ಮಾಡಿ ಮ್ಯಾನ್ಯುಯಲ್ ಆಕ್ಷನ್ ಬಿದ್ದಿರೋರಿಗೆ ಅಥವಾ ಬೀಳೋ ಹಾಗಿರೋರಿಗೆ, ತಿಳೀದೇ ಬಳಸಿದ್ರೆ ಒಳ್ಳೆ ಲಿಂಕೂ ಕಳ್ಕೊತೀರ. ಗೂಗಲ್ ಸೈಟ್ ಮಾಲೀಕರಿಗೆ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆಕ್ಷನ್ಸ್ ಅನ್ನೋ ಪುಟ ತೆಗೆದು ನೋಡಿ, ಅಲ್ಲಿ ಏನೂ ತೊಂದರೆ ಇಲ್ಲ ಅಂತಿದ್ರೆ ಆ ಸ್ಪ್ಯಾಮ್ ಲಿಂಕ್‌ಗಳ ಪಟ್ಟಿ ಮುಚ್ಚಿಟ್ಟು ನಿಮ್ಮ ಟೇಬಲ್ ಕೆಲಸ ಶುರು ಮಾಡಿ. ನಿಮ್ಮ ಸೈಟ್ ಯಾವ ವಿಷಯದ್ದು ಅಂತ ಕಾಮೆಂಟಲ್ಲಿ ಹೇಳಿ, ಎಂಥ ಪುಟ ಮಾಡಬಹುದು ಅಂತ ಯೋಚ್ನೆ ಮಾಡಿ ಹೇಳ್ತೀನಿ.