ಐದು ನಿಮಿಷಕ್ಕೇ ಮುಗಿಯುವ ಪುಸ್ತಕ

ಪ್ರಶ್ನೆ: ಐದು ವರ್ಷದ ಮಗಳಿಗೆ ಚಿತ್ರಪುಸ್ತಕ ತಂದರೆ ಐದೇ ನಿಮಿಷದಲ್ಲಿ ಓದಿ ಮುಗಿಯುತ್ತದೆ. ಅವಳಿಗೆ ಮಾತ್ರ ಅದೇ ಮತ್ತೆ ಮತ್ತೆ ಬೇಕು. ದೊಡ್ಡವರು ಅದರಲ್ಲಿ ನೋಡುವಂಥದ್ದೇನಿದೆ? ಕೊಳ್ಳುವಾಗ ಏನು ಗಮನಿಸಬೇಕು?

ಉತ್ತರ: ಮುಗಿದಿರುವುದು ಅಕ್ಷರ, ಪುಸ್ತಕವಲ್ಲ. ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' (1968) ನೋಡಿ. ಇಡೀ ಪುಸ್ತಕಕ್ಕೆ 32 ಇಂಗ್ಲಿಷ್ ಪದ. ಹೇಂಟೆಯೊಂದು ತೋಟ ಸುತ್ತಿ ಊಟದ ಹೊತ್ತಿಗೆ ಮನೆ ಸೇರಿತು, ಅಷ್ಟೇ. ಅದರ ಬೆನ್ನಿಗೇ ಬಿದ್ದ ನರಿಯ ಸುದ್ದಿ ಅಕ್ಷರದಲ್ಲಿ ಎಲ್ಲೂ ಇಲ್ಲ. ಓದುವ ನಿಮ್ಮ ಕಣ್ಣು ಸಾಲಿನ ಮೇಲಿರುತ್ತದೆ, ನರಿ ಸಿಗುವುದು ಮಗಳಿಗೆ. ನರಿ ಹಾರುವ ಪುಟದಲ್ಲೇ ಅದಕ್ಕೆ ಕಾದಿರುವ ಅನಾಹುತದ ಸುಳಿವೂ ಇದೆ. ಅಲ್ಲಿ ಎರಡು ಮೂರು ಸೆಕೆಂಡು ತಡೆದು ಹಾಳೆ ತಿರುಗಿಸಿ. ಅವಸರಪಟ್ಟರೆ ನಗೆ ಸತ್ತಿತು.

ಆದ್ದರಿಂದ ಮೊದಲ ಸಲ ಓದಲೇಬೇಡಿ, ರಟ್ಟಿನಿಂದ ರಟ್ಟಿನವರೆಗೆ ಚಿತ್ರ ಮಾತ್ರ ನೋಡಿ. ಎರಡನೇ ಸಲ ಓದಿ. 'ಇದು ಯಾವ ಬಣ್ಣ? ಎಷ್ಟು ಹಕ್ಕಿ?' ಎಂದು ಪರೀಕ್ಷೆ ಶುರುಮಾಡಿದರೆ ಮಗು ಎದ್ದು ಹೋಗುತ್ತದೆ. ಹೋಗಬೇಕಾದ್ದೇ!

ದೊಡ್ಡವರಿಗೆ ಪಾಠವಾಗಬಲ್ಲದ್ದು ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963). ಹುಡುಗ ಮನೆಯಲ್ಲಿ ತುಂಟಾಟ ಮಾಡುವಾಗ ಚಿತ್ರ ಚಿಕ್ಕದು, ಸುತ್ತ ಅಗಲವಾದ ಬಿಳಿ ಅಂಚು. ಕೋಣೆಯಲ್ಲಿ ಕಾಡು ಬೆಳೆದಂತೆ ಅಂಚು ಕರಗಿ ಚಿತ್ರ ಪುಟ ತುಂಬುತ್ತದೆ, ಆಮೇಲೆ ಎದುರು ಪುಟಕ್ಕೂ ಚಾಚುತ್ತದೆ. ವಿಚಿತ್ರಪ್ರಾಣಿಗಳ ಕುಣಿತಕ್ಕೆ ಬಂದಾಗ ಸತತ ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ. ಕೊನೆಯ ಪುಟದಲ್ಲಿ ಇದರ ತಿರುವುಮುರುವು: ಬರೀ ಅಕ್ಷರ, ಚಿತ್ರವೇ ಇಲ್ಲ. ಇದನ್ನು ಮೊಬೈಲಿನಲ್ಲಿ ಒಂದೊಂದೇ ಪುಟವಾಗಿ ನೋಡಿದರೆ ಆ ಬೆಳವಣಿಗೆ ತುಂಡಾಗುತ್ತದೆ.

ಕೊಳ್ಳುವಾಗ ನಟ್ಟನಡುವಿನ ಜೋಡಿಪುಟ ಬಿಡಿಸಿ. ಮುಖ್ಯ ಮುಖ ಬೈಂಡಿಂಗ್ ಮಡಿಕೆಯೊಳಗೆ ಸಿಕ್ಕಿಕೊಂಡಿದ್ದರೆ ವಿನ್ಯಾಸ ಎಡವಿದೆ. ಅನುವಾದವಾದರೆ ಅಕ್ಷರ ಚಿತ್ರದ ಮೇಲೆ ಹತ್ತಿ ಕೂತಿದೆಯೇ ನೋಡಿ. ಮೂಲಕ್ಕಿಂತ ಕನ್ನಡದ ಸಾಲು ಉದ್ದವಾದಾಗ ಹೀಗಾಗುತ್ತದೆ.

ನಿಮಗೆಂದೇ ಒಂದು ಬೇಕಿದ್ದರೆ ಚೆನ್ನೈನ ತಾರಾ ಬುಕ್ಸ್‌ನ 'ದ ನೈಟ್ ಲೈಫ್ ಆಫ್ ಟ್ರೀಸ್'. ಮಧ್ಯ ಭಾರತದ ಗೊಂಡ ಬುಡಕಟ್ಟಿನ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರ ಮರಗಳನ್ನು ಕೈಯಲ್ಲಿ ತಯಾರಿಸಿದ ಕಪ್ಪು ಕಾಗದದ ಮೇಲೆ, ಕೈಯಿಂದಲೇ ಸ್ಕ್ರೀನ್ ಪ್ರಿಂಟ್ (ಜಾಲರಿ ಪರದೆಯ ಮೂಲಕ ಶಾಯಿ ಒತ್ತುವ ಮುದ್ರಣ) ಮಾಡಲಾಗಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಒತ್ತುವುದರಿಂದ ಪ್ರತಿಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅದನ್ನು ದೋಷವೆಂದು ವಾಪಸು ಕಳಿಸಬೇಡಿ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿ ಕಾಗದದ ಮೇಲೆ ತೆಳುವಾಗಿ ಎದ್ದು ನಿಂತಿರುವುದು ಕಾಣುತ್ತದೆ.