ಉತ್ತರ ಆಫ್ರಿಕಾದ ಪ್ರಾಚೀನ ನಗರರಾಜ್ಯ ಕಾರ್ಥೇಜ್ ತನ್ನ ಮೊದಲ ನಾಣ್ಯಗಳನ್ನು ತನ್ನ ನೆಲ ಬಿಟ್ಟು ಸಿಸಿಲಿಯಲ್ಲಿ ಟಂಕಿಸಿದ್ದೇಕೆ?

ಸೈನಿಕರಿಗೆ ಸಂಬಳ ಕೊಡಲು. ಕ್ರಿ.ಪೂ. 410ರ ಸುಮಾರಿಗೆ ಸಿಸಿಲಿಯ ಗ್ರೀಕ್ ನಗರಗಳ ಮೇಲೆ ದಂಡೆತ್ತಿ ಹೋದ ಕಾರ್ಥೇಜ್ ಬಹುಮಟ್ಟಿಗೆ ನೆಚ್ಚಿಕೊಂಡದ್ದು ಕೂಲಿ ಸೈನಿಕರನ್ನು. ಅವರಿಗೆ ಆ ದ್ವೀಪದಲ್ಲಿ ಚಲಾವಣೆಯಾಗುವ ಹಣವೇ ಬೇಕಿತ್ತು. ಅಲ್ಲಿ ನಡೆಯುತ್ತಿದ್ದದ್ದು ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್ ಬೆಲೆಯ, ಸುಮಾರು 17 ಗ್ರಾಂ ತೂಗುವ ಗ್ರೀಕ್ ಬೆಳ್ಳಿ ನಾಣ್ಯ. ಕಾರ್ಥೇಜ್ ಅದೇ ತೂಕ ಹಿಡಿಯಿತು. ಮುಂದೆ ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸ್‌ನ ನಾಣ್ಯದ ದೇವತೆಯ ಮುಖವನ್ನೂ ನಕಲು ಮಾಡಿತು. ಕೆಲವದರ ಮೇಲೆ ಕಾರ್ಥೇಜಿನವರ ಪ್ಯೂನಿಕ್ ಲಿಪಿಯಲ್ಲಿ 'ಮಹನತ್' ಎಂದಿದೆ. ಹಾಗೆಂದರೆ ಸೇನಾ ಶಿಬಿರ. ಹಣ ಯಾರಿಗೆಂದು ನಾಣ್ಯವೇ ಹೇಳುತ್ತದೆ! ನಾಣ್ಯದ ಮೇಲೆ ಕುದುರೆಯ ಜೊತೆಗಿರುವ ಖರ್ಜೂರದ ಮರ ಬಹುಶಃ ಶ್ಲೇಷೆ: ಕಾರ್ಥೇಜನ್ನು ಕಟ್ಟಿದವರು ಫಿನಿಷಿಯದವರು, ಗ್ರೀಕಿನ 'ಫೊಯ್ನಿಕ್ಸ್' ಪದಕ್ಕೆ ಖರ್ಜೂರದ ಮರ, ಫಿನಿಷಿಯದವನು ಎಂಬ ಎರಡೂ ಅರ್ಥಗಳಿವೆ.

ಸಂಗ್ರಹ ಶುರುಮಾಡುವವರಿಗೆ ಬೆಳ್ಳಿ ದುಬಾರಿ. ಒಂದು ಬದಿ ಕಾರ್ಥೇಜಿನ ದೇವತೆ ತಾನಿತ್‌ಳದೆನ್ನುವ ಮುಖ, ಇನ್ನೊಂದು ಬದಿ ಕುದುರೆ ಇರುವ ಕಂಚಿನವು ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ತಿಳಿಹಸಿರು ಪುಡಿ ಉದುರುತ್ತದೆಯೇ ನೋಡಿ. ಉದುರಿದರೆ, ಲೋಹದೊಳಗಿನ ಕ್ಲೋರೈಡ್ ಗಾಳಿಯ ತೇವದ ಜೊತೆ ಸೇರಿ ಕಂಚನ್ನು ತಿನ್ನುತ್ತಿದೆ ಎಂದರ್ಥ. ಅಂಥದನ್ನು ಬೇರೆಯಾಗಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಹುಣಸೆ, ನಿಂಬೆ ಹಾಕಿ ತಿಕ್ಕಬೇಡಿ. ಹುಳಿ ತಗುಲಿದರೆ ಹಳೆಯ ಗಟ್ಟಿ ಪದರವೂ, ಅದರೊಂದಿಗೆ ಬೆಲೆಯೂ ಹೋಗುತ್ತದೆ.