ಪೊಲೀಸರಿಗೆ ದೂರು ಕೊಟ್ಟ ಮೇಲೂ ಸಮಾಜ ಕಾರ್ಯಕರ್ತರು ಯಾಕೆ ಬರುತ್ತಾರೆ?

ತಂಗಿ ಮಗಳ ಮೇಲಾದ ದೌರ್ಜನ್ಯದ ವಿಷಯದಲ್ಲಿ ಪೊಲೀಸರಿಗೆ ದೂರು ಕೊಟ್ಟಾಗಿದೆ, ಈಗ ಸಮಾಜ ಕಾರ್ಯಕರ್ತರೂ ಬರ್ತಾರಂತೆ, ಮಗುವಿಗೆ ಸುಮ್ನೆ ಇನ್ನೊಂದು ಹಿಂಸೆ ಅಲ್ವಾ ಅಂತ ಕೇಳಿದ್ದೀರಿ. ನಾನು ಮಕ್ಕಳ ರಕ್ಷಣೆಯ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದವಳು. ನಿಮ್ಮ ಸಿಟ್ಟು ಅರ್ಥವಾಗುತ್ತದೆ.

ಆದರೂ ಇಬ್ಬರೂ ಬೇಕು. ಏನಾಯ್ತು, ಯಾರು ಮಾಡಿದರು, ಸಾಕ್ಷಿ ಏನಿದೆ ಅನ್ನೋದು ಪೊಲೀಸರ ಚಿಂತೆ. ಈ ಮಗು ಇವತ್ತು ರಾತ್ರಿ ಎಲ್ಲಿ ಮಲಗುತ್ತೆ ಅನ್ನೋದು ನಮ್ಮ, ಅಂದರೆ ಸಮಾಜ ಕಾರ್ಯಕರ್ತರ ಚಿಂತೆ. ಆರೋಪಿ ಮನೆಯವನೇ ಆಗಿದ್ದರೆ, ಅವನನ್ನು ಹಿಡಿದುಕೊಂಡು ಹೋದ ಮರುದಿನವೇ ಮನೆಮಂದಿಯೆಲ್ಲ ಮಗುವಿನ ಮೇಲೆ ತಿರುಗಿಬೀಳುವುದುಂಟು.

ತಪ್ಪಾಗುವುದು ಇಬ್ಬರೂ ಬೇರೆ ಬೇರೆ ದಿನ ಬಂದು ಅದನ್ನೇ ಕೇಳಿದಾಗ. ಏಳು ವರ್ಷದ ಒಂದು ಹುಡುಗಿ ಟೀಚರ್‌ಗೆ, ನನಗೆ, ಡಾಕ್ಟರಿಗೆ, ಪೊಲೀಸರಿಗೆ ಅಂತ ನಾಲ್ಕು ಸಲ ಹೇಳಿದಳು. ಹೇಳುವಾಗೆಲ್ಲ ಫ್ರಾಕಿನ ಗುಂಡಿ ತಿರುಗಿಸುತ್ತಿದ್ದಳು. ನಾಲ್ಕನೇ ಸಲ ಅದು ಕಿತ್ತು ಕೈಗೆ ಬಂತು. ಮೊದಲು ನೀಲಿ ಅಂಗಿ ಅಂದಿದ್ದವಳು ಕೊನೆಗೆ ಕಪ್ಪು ಅಂಗಿ ಅಂದಳು. 'ಹುಡುಗಿ ಸುಳ್ಳು ಹೇಳ್ತಿದೆ' ಅನ್ನೋಕೆ ಅಷ್ಟು ಸಾಕಾಯ್ತು. ಅದೇ ಪ್ರಶ್ನೆ ಮತ್ತೆ ಬಂದರೆ ತಾನು ಮೊದಲು ಹೇಳಿದ್ದು ತಪ್ಪಿರಬೇಕು ಅಂದುಕೊಂಡು ಮಕ್ಕಳು ಉತ್ತರ ಬದಲಿಸಿಬಿಡುತ್ತಾರೆ.

ಇದಕ್ಕೇ ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 'ಬಾರ್ನಹುಸ್' ಶುರು ಮಾಡಿದರು. ಮಕ್ಕಳ ಮನೆ ಅಂತಲೇ ಅರ್ಥ. ತರಬೇತಿ ಪಡೆದ ಒಬ್ಬರೇ ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಪೊಲೀಸರು, ಸಮಾಜ ಕಾರ್ಯಕರ್ತರು, ವಕೀಲರು ಪಕ್ಕದ ಕೋಣೆಯಲ್ಲಿ ಪರದೆಯ ಮೇಲೆ ನೋಡುತ್ತಾರೆ. ಎಲ್ಲ ರೆಕಾರ್ಡ್ ಆಗುತ್ತದೆ. ವೈದ್ಯರ ತಪಾಸಣೆಯೂ ಅಲ್ಲೇ.

ಇಬ್ಬರೂ ಇದ್ದು, ಇಬ್ಬರೂ ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಲಂಡನ್ನಿನ ವಿಕ್ಟೋರಿಯಾ ಕ್ಲಿಂಬಿ ಪ್ರಕರಣ ನೋಡಿ. ಎಂಟು ವರ್ಷದ ಹುಡುಗಿ, 2000ದ ಫೆಬ್ರವರಿಯಲ್ಲಿ ತೀರಿಕೊಂಡಳು. ಮೈಮೇಲೆ 128 ಗಾಯಗಳು. ಅವಳ ಹೆಸರು ಪೊಲೀಸರಿಗೂ ಗೊತ್ತಿತ್ತು, ಸಮಾಜ ಸೇವೆಯವರಿಗೂ ಗೊತ್ತಿತ್ತು, ಆಸ್ಪತ್ರೆಗೂ ಗೊತ್ತಿತ್ತು. ಮನೆಗೆ ಹೋಗಿ ನೋಡಬೇಕಿದ್ದವರು ಕಜ್ಜಿ ಅಂಟೀತು ಅಂತ ಹೋಗಲೇ ಇಲ್ಲ! ಅವಳನ್ನು ಉಳಿಸಲು ಕಡಿಮೆ ಅಂದರೂ 12 ಅವಕಾಶಗಳಿದ್ದವು ಅಂತ ಅವಳ ಸಾವಿನ ಬಗ್ಗೆ ವಿಚಾರಣೆ ನಡೆಸಿದ 2003ರ ಲೇಮಿಂಗ್ ವರದಿ ಹೇಳಿತು.

ನಾನೂ ಸಾಚಾ ಅಲ್ಲ. ಒಮ್ಮೆ ಪೊಲೀಸರಿಗೆ ತಿಳಿಸುವ ಮೊದಲೇ ಮಗುವಿನ ತಾಯಿಗೆ ಫೋನ್ ಮಾಡಿಬಿಟ್ಟೆ. ಸಮಾಧಾನ ಹೇಳೋಣ ಅಂತ. ಸಂಜೆಯೊಳಗೆ ಆರೋಪಿಗೆ ಸುದ್ದಿ ಮುಟ್ಟಿ, ಅವನ ಮೊಬೈಲ್‌ನಲ್ಲಿದ್ದ ಫೋಟೋಗಳೆಲ್ಲ ಮಾಯ. ತನಿಖಾಧಿಕಾರಿ ನನ್ನ ಮೇಲೆ ಕೂಗಾಡಿದರು. ಕೂಗಾಡಬೇಕಾದ್ದೇ. ಆಮೇಲಿಂದ ಮೊದಲು ಇಬ್ಬರೂ ಮಾತಾಡಿಕೊಂಡು, ಯಾರು ಯಾವಾಗ ಹೋಗೋದು ಅಂತ ತೀರ್ಮಾನ ಮಾಡಿಯೇ ಹೊರಡುತ್ತಿದ್ದೆವು.

ನೀವು ಮಾಡಬಹುದಾದ್ದು ಇಷ್ಟು. ಮಗು ಏನು ಹೇಳಿತೋ ಅದನ್ನು ಅದರದೇ ಮಾತಲ್ಲಿ, ತಾರೀಖು ಹಾಕಿ ಬರೆದಿಡಿ. ಇಬ್ಬರಿಗೂ ಅದೇ ಹಾಳೆಯ ಪ್ರತಿ ಕೊಡಿ. ಒಟ್ಟಿಗೆ ಬಂದು ಒಂದೇ ಸಲ ಮಾತಾಡಿಸಿ ಅಂತ ಕೇಳಿ, ಆಗಲ್ಲ ಅಂದರೆ ಯಾಕೆ ಅಂತಲೂ ಕೇಳಿ. ಮನೆಯಲ್ಲಿ ಮಾತ್ರ ಯಾರೂ ಇನ್ನು ಕೆದಕಿ ಕೇಳೋದು ಬೇಡ. ನೀವೂ ಅಷ್ಟೇ.